ರಾಷ್ಟ್ರೀಯ ಉದ್ಯಾನದ ತೊರೆಗಳಲ್ಲಿ ಕೀಟಗಳ ಅಧ್ಯಯನ: ಅನುಮತಿಗೆ ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ತೊರೆಕೀಟ

ಎಲ್ಲರಿಗೂ ನಮಸ್ಕಾರ. ಬೆಟ್ಟದ ತೊರೆಗಳಲ್ಲಿ ಬದುಕುವ ಮೇಫ್ಲೈ, ಸ್ಟೋನ್‌ಫ್ಲೈ ಮತ್ತು ಕ್ಯಾಡಿಸ್‌ಫ್ಲೈ ಕೀಟಗಳ ಲಾರ್ವಾಗಳ ಬಗ್ಗೆ ಪಿಎಚ್‌.ಡಿ. ಅಧ್ಯಯನವನ್ನು ಈಗಷ್ಟೇ ಆರಂಭಿಸಿದ್ದೇನೆ. ನೀರಿನ ಉಷ್ಣತೆ ಏರುತ್ತಾ ಹೋದಂತೆ ಯಾವ ಕೀಟಗಳು ಮೊದಲು ಮರೆಯಾಗುತ್ತವೆ ಎಂಬುದು ನನ್ನ ಮುಖ್ಯ ಪ್ರಶ್ನೆ. ಇದಕ್ಕಾಗಿ ಎರಡು ಕಡೆಯ ತೊರೆಗಳನ್ನು ಹೋಲಿಸುವ ಯೋಜನೆಯಿದೆ. ಒಂದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಶೋಲಾ ಕಾಡು ಮತ್ತು ಹುಲ್ಲುಗಾವಲಿನ ತೊರೆಗಳು. ಇನ್ನೊಂದು, ಅಮೆರಿಕದ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನದ ತೊರೆಗಳು. ಅಲ್ಲಿನ ವಿಶ್ವವಿದ್ಯಾಲಯವೊಂದರ ಪ್ರಾಧ್ಯಾಪಕರು ಜೊತೆಗೂಡಲು ಒಪ್ಪಿದ್ದಾರೆ.

ಕೆಲಸದ ಸ್ವರೂಪ ಹೀಗಿದೆ. ತೊರೆಯ ತಳದ ಮೇಲೆ ಸರ್ಬರ್ ಬಲೆಯ ಚೌಕಟ್ಟನ್ನಿಟ್ಟು, ಅದರೊಳಗೆ ಬರುವ ಕಲ್ಲುಗಳನ್ನು ಕೈಯಿಂದ ಉಜ್ಜಿ, ನೀರಿನ ಸೆಳೆತಕ್ಕೆ ಬಲೆಯೊಳಗೆ ಸೇರಿಕೊಂಡ ಕೀಟಗಳನ್ನು ಎಥನಾಲ್‌ನಲ್ಲಿ ಕಾಪಿಟ್ಟು, ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದಡಿ ಗುರುತಿಸಬೇಕು. ನೀರಿನ ಉಷ್ಣತೆಯನ್ನು ಗಂಟೆಗೊಮ್ಮೆ ದಾಖಲಿಸುವ ಸಣ್ಣ ಉಪಕರಣಗಳನ್ನು ಒಂದು ವರ್ಷದ ಕಾಲ ತೊರೆಯ ಕಲ್ಲುಗಳಿಗೆ ಕಟ್ಟಿಡಬೇಕು. ಜೊತೆಗೆ ಒಂದೊಂದು ಜಾಗದಲ್ಲಿ ಸ್ವಲ್ಪ ನೀರನ್ನು ಸೋಸಿ, ಸೋಸುಹಾಳೆಯಲ್ಲಿ ಉಳಿಯುವ ಡಿಎನ್‌ಎಯನ್ನು ಪರೀಕ್ಷಿಸುವ ಆಲೋಚನೆಯೂ ಇದೆ.

ನನಗೆ ಸಿಗುತ್ತಿರುವ ಸಲಹೆಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಹುಲಿ, ಆನೆಗಳಿಗೆ ಅನ್ವಯಿಸುವ ನಿಯಮ ಹುಳಹುಪ್ಪಟೆಗಳಿಗೆ ಅನ್ವಯಿಸುವುದಿಲ್ಲ, ಪ್ರವೇಶಕ್ಕೆ ಒಂದು ಪತ್ರ ಸಿಕ್ಕರೆ ಸಾಕು ಎಂದು ಕೆಲವರು ಹೇಳುತ್ತಾರೆ. ಅನುಮತಿ ಸಿಗುವುದೇ ಇಲ್ಲ, ಉದ್ಯಾನದ ಹೊರಗಿನ ತೊರೆಗಳನ್ನೇ ಆರಿಸಿಕೊಳ್ಳಿ ಎಂದು ಇನ್ನು ಕೆಲವರು ಹೇಳುತ್ತಾರೆ. ಕಾನೂನಿನ ಪ್ರಕಾರ ಏನೇನು ಬೇಕು, ಅಮೆರಿಕದ ವ್ಯವಸ್ಥೆ ಇಲ್ಲಿಗಿಂತ ಹೇಗೆ ಭಿನ್ನ, ಅರ್ಜಿಯನ್ನು ಓದುವವರು ಅದರಲ್ಲಿ ಏನನ್ನು ಹುಡುಕುತ್ತಾರೆ ಎಂಬುದನ್ನು ಅನುಭವವುಳ್ಳವರು ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ.

ಉತ್ತರ: ಕಾಡಹಾದಿ

ಭಾರತದ ಭಾಗದ ಬಗ್ಗೆ ನಾನು ಬರೆಯುತ್ತೇನೆ. ಹಲವು ವರ್ಷಗಳಿಂದ ಸಂರಕ್ಷಿತ ಪ್ರದೇಶಗಳಲ್ಲಿ ಉಭಯಚರಗಳ ಮೇಲೆ ಕೆಲಸ ಮಾಡುತ್ತಿರುವುದರಿಂದ ಈ ದಾರಿ ಪರಿಚಿತ.

"ಹುಳಹುಪ್ಪಟೆಗೆ ಕಾನೂನಿಲ್ಲ" ಎಂಬ ಮಾತನ್ನು ಮೊದಲು ಬದಿಗಿಡಿ. 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ, ಮತ್ತು ಗೊಂದಲವೆಲ್ಲ ಇವೆರಡನ್ನು ಬೆರೆಸುವುದರಿಂದಲೇ ಹುಟ್ಟುತ್ತದೆ. ಅನುಸೂಚಿಯಲ್ಲಿ, ಅಂದರೆ ಕಾಯ್ದೆಗೆ ಲಗತ್ತಿಸಿದ ಪಟ್ಟಿಯಲ್ಲಿ, ಹೆಸರಿರುವ ಪ್ರಾಣಿಗಳನ್ನು ಹಿಡಿಯುವುದು, ಕೊಲ್ಲುವುದು, ಅವುಗಳ ದೇಹದ ಭಾಗವನ್ನು ತೆಗೆಯುವುದು ಎಲ್ಲವೂ ಕಾಯ್ದೆಯ ಭಾಷೆಯಲ್ಲಿ "ಬೇಟೆ"ಯೇ ಆಗುತ್ತದೆ. ಸಂಶೋಧನೆಗಾಗಿ ಹಿಡಿದು ಬಿಟ್ಟರೂ ಅದು ಬೇಟೆಯ ವ್ಯಾಖ್ಯೆಯೊಳಗೇ ಬರುವುದರಿಂದ, ಅದಕ್ಕೆ 12ನೇ ಕಲಂನಡಿ ವಿಶೇಷ ಅನುಮತಿ ಬೇಕು. ಮೊದಲನೆಯ ಅನುಸೂಚಿಯ ಪ್ರಾಣಿಯಾದರೆ ಕೇಂದ್ರ ಸರ್ಕಾರದ ಪೂರ್ವಾನುಮತಿಯೂ ಬೇಕು. ನಿಮ್ಮ ಮೇಫ್ಲೈಗಳು ಅನುಸೂಚಿಯಲ್ಲಿಲ್ಲದಿದ್ದರೆ ಈ ಕಲಂ ನಿಮಗೆ ಅಡ್ಡ ಬರುವುದಿಲ್ಲ. ಆದರೆ 2022ರ ತಿದ್ದುಪಡಿಯಿಂದ ಅನುಸೂಚಿಗಳು ಪೂರ್ತಿಯಾಗಿ ಬದಲಾಗಿವೆ; ಹಳೆಯ ಪಟ್ಟಿಯನ್ನು ನೋಡಿ ನಿಶ್ಚಿಂತರಾಗಬೇಡಿ, ಈಗ ಜಾರಿಯಲ್ಲಿರುವ ಪಟ್ಟಿಯನ್ನೇ ಓದಿ. ಬಲೆಯಲ್ಲಿ ಆಕಸ್ಮಿಕವಾಗಿ ಸಿಕ್ಕಿಬೀಳಬಹುದಾದ ಮೀನು, ಗೊದಮೊಟ್ಟೆಗಳನ್ನೂ ಅರ್ಜಿಯಲ್ಲಿ ಹೆಸರಿಸಿ, ಅವನ್ನು ಅಲ್ಲೇ ನೀರಿಗೆ ಬಿಡುವ ಕ್ರಮವನ್ನು ವಿವರಿಸಿ.

ಎರಡನೆಯ ಸಂಗತಿ ಜಾಗಕ್ಕೆ ಸಂಬಂಧಿಸಿದ್ದು. ರಾಷ್ಟ್ರೀಯ ಉದ್ಯಾನದೊಳಗೆ ಕಾಲಿಡುವುದಕ್ಕೇ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಅಂಥ ಅನುಮತಿಯನ್ನು ಯಾವ ಉದ್ದೇಶಗಳಿಗೆ ನೀಡಬಹುದು ಎಂದು ಹೇಳುವ 28ನೇ ಕಲಂನಲ್ಲಿ ವೈಜ್ಞಾನಿಕ ಸಂಶೋಧನೆಯ ಹೆಸರು ಸ್ಪಷ್ಟವಾಗಿಯೇ ಇದೆ. ಆ ಕಲಂ ಬರೆದದ್ದು ಅಭಯಾರಣ್ಯಗಳಿಗೆ, 35ನೇ ಕಲಂ ಅದನ್ನು ರಾಷ್ಟ್ರೀಯ ಉದ್ಯಾನಗಳಿಗೂ ವಿಸ್ತರಿಸುತ್ತದೆ. ಇಲ್ಲಿ "ವನ್ಯಜೀವಿ" ಎಂಬುದರ ಅರ್ಥ ಅನುಸೂಚಿಗಿಂತ ಬಹಳ ವಿಶಾಲ: ಒಂದು ಆವಾಸದ ಭಾಗವಾಗಿರುವ ಯಾವ ಪ್ರಾಣಿಯೂ, ನೀರಿನ ಅಥವಾ ನೆಲದ ಯಾವ ಸಸ್ಯವೂ ಅದರೊಳಗೆ ಸೇರುತ್ತದೆ. ಹಾಗಾಗಿ ತೊರೆಯ ಕಲ್ಲಿಗೆ ಅಂಟಿಕೊಂಡ ಲಾರ್ವಾವನ್ನು ಎಥನಾಲ್ ಬಾಟಲಿಗೆ ಹಾಕಿ ಹೊರಗೆ ತರುವುದು, ಅದು ಯಾವ ಅನುಸೂಚಿಯಲ್ಲಿಲ್ಲದಿದ್ದರೂ, ಉದ್ಯಾನದಿಂದ ವನ್ಯಜೀವಿಯನ್ನು ಹೊರತೆಗೆಯುವ ಪ್ರಶ್ನೆಯಾಗಿಯೇ ನೋಡಲ್ಪಡುತ್ತದೆ. ಪ್ರವೇಶದ ಅನುಮತಿ ಮತ್ತು ಸಂಗ್ರಹದ ಅನುಮತಿ ಬೇರೆ ಬೇರೆ ಎಂಬುದನ್ನು ಅರ್ಜಿಯಲ್ಲಿ ನೀವೇ ವಿಂಗಡಿಸಿ ಕೇಳಬೇಕು. "ಅಧ್ಯಯನಕ್ಕೆ ಅನುಮತಿ" ಎಂದಷ್ಟೇ ಕೇಳಿ ಪಡೆದ ಪತ್ರವನ್ನು ಹಿಡಿದು ಬಲೆ ಬೀಸಿದರೆ, ತನಿಖಾ ಠಾಣೆಯಲ್ಲಿ ಬಾಟಲಿಗಳನ್ನು ತೋರಿಸಿ ವಿವರಿಸುವ ಪ್ರಸಂಗ ಬರುತ್ತದೆ, ಮತ್ತು ಅಲ್ಲಿ ತಡೆದ ಸಿಬ್ಬಂದಿಯ ನಡೆ ಸರಿಯಾಗಿಯೇ ಇರುತ್ತದೆ.

ಅರ್ಜಿ ಬೆಂಗಳೂರಿನಲ್ಲಿರುವ ಮುಖ್ಯ ವನ್ಯಜೀವಿ ಪರಿಪಾಲಕರ ಕಚೇರಿಗೆ, ನಿಮ್ಮ ಸಂಸ್ಥೆಯ ಮುಖ್ಯಸ್ಥರ ಮೂಲಕವೇ ಹೋಗಬೇಕು. ಆ ಕಚೇರಿ ಸಾಮಾನ್ಯವಾಗಿ ಸ್ಥಳೀಯ ಅಭಿಪ್ರಾಯವನ್ನು ಕೇಳುತ್ತದೆ. ಕುದುರೆಮುಖದ ಮಟ್ಟಿಗೆ ಅದು ಕಾರ್ಕಳದ ವನ್ಯಜೀವಿ ವಿಭಾಗದಿಂದ ಬರಬೇಕು. ಆದ್ದರಿಂದ ಅರ್ಜಿ ಹಾಕುವುದಕ್ಕೂ ಮೊದಲೇ ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿಗಳನ್ನು ಕಂಡು, ನಕ್ಷೆಯ ಮೇಲೆ ತೊರೆಗಳನ್ನು ತೋರಿಸಿ, ಯಾವ ತಿಂಗಳಲ್ಲಿ ಯಾವ ದಾರಿ ತೆರೆದಿರುತ್ತದೆ ಎಂದು ವಿಚಾರಿಸಿ. ಮಳೆಗಾಲದಲ್ಲಿ ಆ ತೊರೆಗಳ ಹತ್ತಿರ ಹೋಗುವುದೇ ಅಪಾಯ. ಬೇಸಿಗೆಯಲ್ಲಿ ಹುಲ್ಲುಗಾವಲಿಗೆ ಬೆಂಕಿ ಬೀಳುವ ಭಯವಿರುವುದರಿಂದ ಸಿಬ್ಬಂದಿಯೆಲ್ಲ ಬೆಂಕಿ ರೇಖೆಗಳ ಕೆಲಸದಲ್ಲಿರುತ್ತಾರೆ, ನಿಮ್ಮ ಜೊತೆ ಕಳುಹಿಸಲು ಯಾರೂ ಸಿಗದಿರಬಹುದು. ಈ ಲೆಕ್ಕಾಚಾರವಿಲ್ಲದ ವೇಳಾಪಟ್ಟಿ ಎಷ್ಟೇ ಚೆನ್ನಾಗಿದ್ದರೂ ಕಾಗದದ ಮೇಲೆಯೇ ಉಳಿಯುತ್ತದೆ.

ಇನ್ನು ನಿಮ್ಮ ವಿದೇಶಿ ಸಹಯೋಗಿಯ ವಿಷಯ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2002ರ ಜೀವವೈವಿಧ್ಯ ಕಾಯ್ದೆಯ 3ನೇ ಕಲಂನ ಪ್ರಕಾರ ವಿದೇಶಿ ಪ್ರಜೆಯಾಗಲಿ, ವಿದೇಶಿ ಸಂಸ್ಥೆಯಾಗಲಿ ಭಾರತದ ಜೈವಿಕ ಸಂಪನ್ಮೂಲವನ್ನು ಸಂಶೋಧನೆಗಾಗಿ ಪಡೆಯಬೇಕಾದರೆ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಪೂರ್ವಾನುಮತಿ ಬೇಕು. ಸರ್ಕಾರದ ಮಾರ್ಗಸೂಚಿಗೆ ಒಳಪಟ್ಟು ಅನುಮೋದನೆ ಪಡೆದ ಸಹಯೋಗಿ ಯೋಜನೆಗಳಿಗೆ 5ನೇ ಕಲಂ ವಿನಾಯಿತಿ ಕೊಡುತ್ತದೆ, ಆದರೆ ಆ ಅನುಮೋದನೆ ನಿಮ್ಮ ಯೋಜನೆಗೆ ಇದೆಯೇ ಎಂಬುದನ್ನು ಸಂಸ್ಥೆಯವರೇ ಲಿಖಿತವಾಗಿ ಖಚಿತಪಡಿಸಬೇಕು. ಪ್ರಾಧ್ಯಾಪಕರು ಪ್ರವಾಸಿ ವೀಸಾದಲ್ಲಿ ಬಂದು ನಿಮ್ಮೊಂದಿಗೆ ತೊರೆಗಿಳಿಯುವಂತಿಲ್ಲ. 2008ರಲ್ಲಿ ಪಶ್ಚಿಮ ಬಂಗಾಳದ ಸಿಂಗಲೀಲಾ ರಾಷ್ಟ್ರೀಯ ಉದ್ಯಾನ ಪ್ರದೇಶದಲ್ಲಿ ಅನುಮತಿಯಿಲ್ಲದೆ ಕೀಟಗಳನ್ನು ಸಂಗ್ರಹಿಸಿದ ಇಬ್ಬರು ಝೆಕ್ ಕೀಟತಜ್ಞರ ಬಂಧನವಾಗಿ, ಡಾರ್ಜಿಲಿಂಗ್‌ನ ನ್ಯಾಯಾಲಯ ಅವರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿತು. ಆ ಪ್ರಕರಣವೂ ನಡೆದದ್ದು ಕೀಟಗಳ ಸುತ್ತಲೇ ಎಂಬುದನ್ನು ನಿಮಗೆ ಸಲಹೆ ಕೊಟ್ಟವರಿಗೆ ತಿಳಿಸಿ.

ಉತ್ತರ: ನೀರಧಾರೆ

ಅಮೆರಿಕದ ಉದ್ಯಾನಗಳಲ್ಲಿ ತೊರೆಗಳ ಮೇಲೆ ಕೆಲಸ ಮಾಡಿದ ತಂಡವೊಂದರಲ್ಲಿ ನಾನಿದ್ದೆ. ಅಲ್ಲಿನ ವ್ಯವಸ್ಥೆಯ ಒಳ್ಳೆಯ ಗುಣವೆಂದರೆ ಬಾಗಿಲು ಎಲ್ಲಿದೆ ಎಂದು ಹುಡುಕುವ ಕಷ್ಟವಿಲ್ಲ. ರಾಷ್ಟ್ರೀಯ ಉದ್ಯಾನ ಸೇವೆಯ ಸಂಶೋಧನಾ ಅನುಮತಿ ಮತ್ತು ವರದಿ ವ್ಯವಸ್ಥೆ ಎಂಬ ಆನ್‌ಲೈನ್ ತಾಣದಲ್ಲಿ ಎಲ್ಲ ಉದ್ಯಾನಗಳ ಅರ್ಜಿಗಳೂ ಒಂದೇ ಕಡೆ ಸಿಗುತ್ತವೆ. ಬೇರೆ ದೇಶದ ಸಂಶೋಧಕರೂ ಅರ್ಜಿ ಹಾಕಬಹುದು. ಆದರೆ ನಿರ್ಧಾರ ವಾಷಿಂಗ್ಟನ್‌ನಲ್ಲಿ ಆಗುವುದಿಲ್ಲ, ಆಯಾ ಉದ್ಯಾನದ ಅಧೀಕ್ಷಕರೇ ಮಾಡುತ್ತಾರೆ. ನಾಳೆ ನೀವು ಇನ್ನೊಂದು ಉದ್ಯಾನವನ್ನು ಸೇರಿಸಿಕೊಂಡರೆ ಅದಕ್ಕೆ ಬೇರೆಯೇ ಅರ್ಜಿ.

ಮಾದರಿ ಸಂಗ್ರಹದ ಬಗೆಗಿನ ಅಲ್ಲಿನ ನಿಯಮವನ್ನು ಪ್ರತಿಯೊಬ್ಬ ಸಂಶೋಧಕರೂ ಒಮ್ಮೆ ಓದಬೇಕು. ಮಾನ್ಯತೆಯುಳ್ಳ ವೈಜ್ಞಾನಿಕ ಅಥವಾ ಶೈಕ್ಷಣಿಕ ಸಂಸ್ಥೆಯ ಇಲ್ಲವೇ ಸರ್ಕಾರಿ ಇಲಾಖೆಯ ಅಧಿಕೃತ ಪ್ರತಿನಿಧಿಗೆ ಮಾತ್ರ ಅನುಮತಿ ಸಿಗುತ್ತದೆ. ಹವ್ಯಾಸಿಯಾಗಿ ಯಾರೂ ಸಂಗ್ರಹಿಸುವಂತಿಲ್ಲ. ಹೇಳಿದ ಗುರಿಗೆ ಆ ಸಂಗ್ರಹ ಅಗತ್ಯ ಎಂದು ಅಧೀಕ್ಷಕರಿಗೆ ಮನವರಿಕೆಯಾಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅದೇ ಮಾದರಿ ಉದ್ಯಾನದ ಹೊರಗೆ ಸುಲಭವಾಗಿ ಸಿಗುವಂತಿದ್ದರೆ ಅನುಮತಿ ಕೊಡಬಾರದು ಎಂದು ನಿಯಮವೇ ಹೇಳುತ್ತದೆ. ನಿಮ್ಮ ಅರ್ಜಿಯ ಗಟ್ಟಿತನ ಪರೀಕ್ಷೆಯಾಗುವುದು ಇಲ್ಲಿ. ಮೇಫ್ಲೈಗಳು ಆ ಪರ್ವತಗಳ ಬುಡದ ಊರುಗಳ ಹೊಳೆಗಳಲ್ಲೂ ಇವೆ. ಹಾಗಿದ್ದಮೇಲೆ ಉದ್ಯಾನದೊಳಗೇ ಏಕೆ? ಮೇಲಿನ ಎತ್ತರದಲ್ಲಿ, ರಸ್ತೆ, ಕೃಷಿ, ಮನೆಗಳ ಪ್ರಭಾವವಿಲ್ಲದ ತೊರೆಯಲ್ಲಿ ಮಾತ್ರ ಉಷ್ಣತೆಯ ಪರಿಣಾಮವನ್ನು ಉಳಿದ ಕಾರಣಗಳಿಂದ ಬೇರ್ಪಡಿಸಿ ನೋಡಲು ಸಾಧ್ಯ ಎಂಬ ಉತ್ತರ ನಿಮ್ಮಲ್ಲಿ ಇರಬಹುದು. ಇದ್ದರೆ ಅದನ್ನು ಅರ್ಜಿಯ ಮೊದಲ ಪುಟದಲ್ಲಿಯೇ ಬರೆಯಿರಿ.

ಗ್ರೇಟ್ ಸ್ಮೋಕಿ ಉದ್ಯಾನದ ಬಗ್ಗೆ ಇನ್ನೊಂದು ಮಾತು. 2002ರಲ್ಲಿ ಅಲ್ಲಿ ಹೆಮ್ಲಾಕ್ ಮರಗಳ ರಸ ಹೀರುವ ಅಡೆಲ್ಜಿಡ್ ಎಂಬ ಹೊರನಾಡಿನ ಕೀಟ ಕಾಣಿಸಿಕೊಂಡಿತು. ಹೆಮ್ಲಾಕ್ ಮರಗಳು ತೊರೆಯ ದಂಡೆಯಲ್ಲಿ ವರ್ಷಪೂರ್ತಿ ದಟ್ಟ ನೆರಳು ಕೊಡುವಂಥವು. ಅವು ಸಾಯುತ್ತಾ ಬಂದಂತೆ ನೆರಳು ತೆಳುವಾಗಿ ನೀರಿಗೆ ಬಿಸಿಲು ತಾಗುತ್ತದೆ. ನಿಮ್ಮ ಪ್ರಶ್ನೆ ಇದಕ್ಕೆ ನೇರವಾಗಿ ತಾಗುವಂಥದ್ದು. ಉದ್ಯಾನದ ವಿಜ್ಞಾನಿಗಳು ಈಗಾಗಲೇ ಎದುರಿಸುತ್ತಿರುವ ಸಮಸ್ಯೆಗೆ ನಿಮ್ಮ ಅಂಕಿಅಂಶ ಒದಗುತ್ತದೆ ಎಂದು ಕಂಡರೆ ಅರ್ಜಿಯನ್ನು ಅವರು ಬೇರೆ ಕಣ್ಣಿನಿಂದ ಓದುತ್ತಾರೆ. ಉದ್ಯಾನದ ಸಮಸ್ತ ಜೀವಿಗಳನ್ನೂ ಪಟ್ಟಿ ಮಾಡುವ ಕಾರ್ಯಕ್ರಮವೂ 1998ರಿಂದ ಅಲ್ಲಿ ನಡೆದುಕೊಂಡು ಬಂದಿದೆ. ಆ ದಾಖಲೆಗಳನ್ನು ನೋಡಿಕೊಂಡರೆ ಯಾವ ತೊರೆಯಲ್ಲಿ ಮತ್ತೆ ಸಂಗ್ರಹಿಸುವ ಅಗತ್ಯವೇ ಇಲ್ಲ ಎಂಬುದೂ ಗೊತ್ತಾಗುತ್ತದೆ.

ಉಷ್ಣತಾ ಮಾಪಕಗಳನ್ನು ಸಣ್ಣ ವಿಷಯವೆಂದು ಬಿಡಬೇಡಿ. ಆ ಉದ್ಯಾನದ ಬಹುಪಾಲು ನೆಲವನ್ನು ಆದಿಮ ಅರಣ್ಯದ (ವೈಲ್ಡರ್‌ನೆಸ್) ರೀತಿಯಲ್ಲಿಯೇ ಕಾಪಾಡಲಾಗುತ್ತದೆ. 1964ರ ಆದಿಮ ಅರಣ್ಯ ಕಾಯ್ದೆಯ ಆಶಯದಂತೆ, ಅಲ್ಲಿ ಯಾವುದೇ ಸಾಧನವನ್ನು ನೆಡುವ ಮೊದಲು ಅದಿಲ್ಲದೆ ಕೆಲಸ ನಡೆಯುವುದೇ ಇಲ್ಲವೇ, ಅದಕ್ಕಿಂತ ಕಡಿಮೆ ಹಸ್ತಕ್ಷೇಪದ ದಾರಿ ಇಲ್ಲವೇ ಎಂಬ ಪರಿಶೀಲನೆ ನಡೆಯಬೇಕು. ಒಂದೊಂದು ಮಾಪಕದ ಗಾತ್ರ, ಬಣ್ಣ, ಕಟ್ಟುವ ವಿಧಾನ, ಅದರ ಮೇಲಿನ ಗುರುತಿನ ಸಂಖ್ಯೆ, ತೆಗೆಯುವ ದಿನಾಂಕ, ನೆರೆ ಬಂದು ಕೊಚ್ಚಿಹೋದರೆ ಹುಡುಕುವ ಕ್ರಮ ಎಲ್ಲವನ್ನೂ ಬರೆಯಿರಿ.

ಸಂಗ್ರಹಿಸಿದ ಕೀಟಗಳು ನಿಮ್ಮ ವಸ್ತುಸಂಗ್ರಹಾಲಯದಲ್ಲಿದ್ದರೂ ಅವುಗಳ ಒಡೆತನ ಅಮೆರಿಕದ ಸರ್ಕಾರದ್ದೇ. ಕಾಯಂ ಸಂಗ್ರಹಕ್ಕೆ ಸೇರುವ ಮಾದರಿಗಳಿಗೆ ಉದ್ಯಾನ ಸೇವೆಯ ದಾಖಲೆ ಸಂಖ್ಯೆ ಬರುತ್ತದೆ, ಪ್ರತಿ ವರ್ಷ ವರದಿ ಒಪ್ಪಿಸಬೇಕು, ವಾಣಿಜ್ಯ ಬಳಕೆಗೆ ಪ್ರತ್ಯೇಕ ಒಪ್ಪಂದ ಬೇಕು. ಈ ಕಟ್ಟುನಿಟ್ಟಿನ ಹಿಂದೆ ಒಂದು ಇತಿಹಾಸವಿದೆ. 1966ರಲ್ಲಿ ಥಾಮಸ್ ಬ್ರಾಕ್ ಮತ್ತು ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ ಯೆಲ್ಲೊಸ್ಟೋನ್‌ನ ಬಿಸಿನೀರಿನ ಬುಗ್ಗೆಯೊಂದರಿಂದ ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯಾವನ್ನು ಸಂಗ್ರಹಿಸಿದರು. ಅದರ ಕಿಣ್ವವೇ ಮುಂದೆ ಡಿಎನ್‌ಎಯ ಅಸಂಖ್ಯ ಪ್ರತಿಗಳನ್ನು ತಯಾರಿಸುವ ಪಿಸಿಆರ್ ತಂತ್ರಕ್ಕೆ ಆಧಾರವಾಯಿತು, ಆ ತಂತ್ರಕ್ಕೆ 1993ರಲ್ಲಿ ನೊಬೆಲ್ ಬಂತು, ಅದರ ಹಕ್ಕುಗಳು 30 ಕೋಟಿ ಡಾಲರ್‌ಗೆ ಮಾರಾಟವಾದವು. ಉದ್ಯಾನಕ್ಕೆ ಅದರಲ್ಲಿ ಏನೂ ಸಿಗಲಿಲ್ಲ. ನೀವು ನೀರಿನ ಡಿಎನ್‌ಎ ಪರೀಕ್ಷಿಸಲು ಹೊರಟಿರುವುದರಿಂದ ಈ ಷರತ್ತುಗಳು ನಿಮಗೂ ಪೂರ್ಣವಾಗಿ ಅನ್ವಯಿಸುತ್ತವೆ.

ತೊರೆಕೀಟ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಪ್ರವೇಶ ಮತ್ತು ಸಂಗ್ರಹ ಎರಡನ್ನೂ ನಾನು ಒಂದೇ ಎಂದು ತಿಳಿದಿದ್ದೆ. ಇನ್ನೆರಡು ಸಂದೇಹಗಳಿವೆ. ಎಷ್ಟು ಕೀಟಗಳು ಬೇಕಾಗುತ್ತವೆ ಎಂಬುದು ಬಲೆ ಎತ್ತುವವರೆಗೆ ತಿಳಿಯುವುದಿಲ್ಲವಲ್ಲ, ಅರ್ಜಿಯಲ್ಲಿ ಏನೆಂದು ಬರೆಯಬೇಕು? ಕುದುರೆಮುಖದ ಮಾದರಿಗಳನ್ನು ಡಿಎನ್‌ಎ ಪರೀಕ್ಷೆಗೆ ಅಮೆರಿಕಕ್ಕೆ ಕಳುಹಿಸುವ ಬದಲು ಇಲ್ಲಿಯೇ ಪರೀಕ್ಷಿಸಿ ಫಲಿತಾಂಶವನ್ನಷ್ಟೇ ಹಂಚಿಕೊಂಡರೆ ತೊಡಕು ತಪ್ಪುತ್ತದೆಯೇ?

ಉತ್ತರ: ನಿವೃತ್ತ ಅರಣ್ಯಾಧಿಕಾರಿ

ಸೇವೆಯಲ್ಲಿದ್ದಾಗ ಇಂಥ ಅರ್ಜಿಗಳಿಗೆ ಸ್ಥಳೀಯ ಅಭಿಪ್ರಾಯ ಬರೆದು ಕಳುಹಿಸುವುದು ನನ್ನ ಕೆಲಸದ ಭಾಗವಾಗಿತ್ತು. ಆ ಕಡೆಯಿಂದ ಕಾಣುವುದನ್ನು ಹೇಳುತ್ತೇನೆ.

"ಅಗತ್ಯವಿದ್ದಷ್ಟು ಮಾದರಿಗಳು" ಎಂದು ಬರೆದ ಅರ್ಜಿಗೆ ಒಪ್ಪಿಗೆ ಬರೆಯುವುದು ಯಾವ ಅಧಿಕಾರಿಗೂ ಕಷ್ಟ. ಏನು ತೆಗೆಯುತ್ತಾರೆ ಎಂಬುದು ಗೊತ್ತಿಲ್ಲದಿದ್ದರೆ ತಪಾಸಣೆ ಮಾಡುವುದಾದರೂ ಹೇಗೆ? ನಿಮ್ಮ ವಿಷಯದಲ್ಲಿ ಕೀಟಗಳ ಸಂಖ್ಯೆಯನ್ನು ಮೊದಲೇ ಹೇಳಲಾಗದು ಎಂಬುದು ನಿಜ, ಆದರೆ ಪ್ರಯತ್ನದ ಮಿತಿಯನ್ನು ಹೇಳಬಹುದು. ಎಷ್ಟು ತೊರೆಗಳು, ಪ್ರತಿ ತೊರೆಯಲ್ಲಿ ಎಷ್ಟು ಜಾಗ, ಪ್ರತಿ ಜಾಗದಲ್ಲಿ ಬಲೆಯ ಚೌಕಟ್ಟನ್ನು ಎಷ್ಟು ಬಾರಿ ಇಡುತ್ತೀರಿ, ವರ್ಷಕ್ಕೆ ಎಷ್ಟು ಸಲ ಎಂದು ಬರೆಯಿರಿ. ಚೌಕಟ್ಟು ಒಂದು ಅಡಿ ಉದ್ದಗಲದ್ದಾದರೆ, ತೊರೆಯ ತಳದಲ್ಲಿ ನೀವು ಒಟ್ಟು ಎಷ್ಟು ಚದರಡಿ ಕದಡುತ್ತೀರಿ ಎಂಬುದು ಸರಳ ಲೆಕ್ಕ. ಆ ತೊರೆಯ ಒಟ್ಟು ಹರವಿನ ಎದುರು ಅದೆಷ್ಟು ಅಲ್ಪ ಎಂಬುದು ಓದುವವರ ಕಣ್ಣಿಗೂ ಕಾಣುತ್ತದೆ. ಸ್ಥಳದಲ್ಲಿಯೇ ಗುರುತಿಸಬಹುದಾದ ದೊಡ್ಡ ಕೀಟಗಳನ್ನು ಎಣಿಸಿ, ಚಿತ್ರ ತೆಗೆದು, ಬಿಟ್ಟುಬಿಡುವುದಾಗಿ ಬರೆದರೆ ಇನ್ನೂ ಒಳ್ಳೆಯದು.

ಕುದುರೆಮುಖ ಉದ್ಯಾನದ ನಿರ್ವಹಣಾ ಯೋಜನೆಯನ್ನು ಓದದೆ ಅರ್ಜಿ ಬರೆಯಬೇಡಿ. ತುಂಗಾ, ಭದ್ರಾ, ನೇತ್ರಾವತಿ ನದಿಗಳ ಮೂಲ ಆ ಬೆಟ್ಟಗಳಲ್ಲಿದೆ. ಅಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆ 2005ರ ಕೊನೆಯಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಂತೆ ನಿಂತಿತು. ಅಗೆದ ಮಣ್ಣು ಹರಿದು ಬಂದ ತೊರೆಗಳು ಈಗ ಯಾವ ಸ್ಥಿತಿಯಲ್ಲಿವೆ, ಕಲ್ಲಿನ ಸಂದುಗಳಲ್ಲಿ ಬದುಕುವ ಸೂಕ್ಷ್ಮ ಕೀಟಗಳು ಅಲ್ಲಿಗೆ ಮರಳಿವೆಯೇ ಎಂಬುದು ಇಲಾಖೆಗೂ ಬೇಕಾದ ಮಾಹಿತಿ. ಗಣಿಯ ಕೆಳಗಿನ ತೊರೆ ಮತ್ತು ಗಣಿ ಮುಟ್ಟದ ತೊರೆ ಎರಡನ್ನೂ ನಿಮ್ಮ ಆಯ್ಕೆಯಲ್ಲಿ ಸೇರಿಸಿಕೊಳ್ಳಲು ಸಾಧ್ಯವಿದ್ದರೆ, ಅರ್ಜಿಯ ಮೌಲ್ಯ ಹೆಚ್ಚುವುದು ಖಂಡಿತ. ವಿಜ್ಞಾನದ ದೃಷ್ಟಿಯಿಂದಲೂ ಅದು ನಷ್ಟವಲ್ಲ ಎಂದು ನನ್ನ ನಂಬಿಕೆ.

ಒಂದು ಬೇಸರದ ಸಂಗತಿಯನ್ನೂ ಹೇಳಬೇಕು. ಅನುಮತಿ ಪಡೆದು, ಸಿಬ್ಬಂದಿಯ ನೆರವು ಪಡೆದು, ಕೆಲಸ ಮುಗಿದ ಮೇಲೆ ಒಂದು ವರದಿಯನ್ನೂ ಕಳುಹಿಸದೆ ಹೋದವರನ್ನು ಕಂಡಿದ್ದೇನೆ. ಅವರ ಪ್ರಬಂಧ ಎಲ್ಲೋ ಪ್ರಕಟವಾಗಿರುತ್ತದೆ. ಅದೇ ತೊರೆಯನ್ನು ದಿನವೂ ದಾಟುವ ಅರಣ್ಯ ರಕ್ಷಕನಿಗೆ ಅದರಲ್ಲಿ ಏನಿದೆ ಎಂದು ತಿಳಿಯುವುದಿಲ್ಲ. ಮುಂದಿನ ಅರ್ಜಿದಾರನಿಗೆ ಸಂದೇಹದ ಸ್ವಾಗತ ಸಿಗಲು ಇದೇ ಕಾರಣ. ಪ್ರತಿ ಋತುವಿನ ಕೊನೆಗೆ ಕನ್ನಡದಲ್ಲಿ ನಾಲ್ಕು ಪುಟದ ಟಿಪ್ಪಣಿಯೊಂದನ್ನು ವಲಯ ಅರಣ್ಯಾಧಿಕಾರಿಗಳಿಗೆ ಕೊಡುವುದಾಗಿ ಅರ್ಜಿಯಲ್ಲಿಯೇ ಬರೆಯಿರಿ, ಬರೆದಂತೆ ಕೊಡಿ. ಅವಧಿ ವಿಸ್ತರಣೆ ಕೇಳುವ ಹೊತ್ತಿಗೆ ಅದಕ್ಕಿಂತ ಬಲವಾದ ಶಿಫಾರಸು ಬೇರಿಲ್ಲ.

ಉತ್ತರ: ಮಲೆಸೀಮೆ

ಮೇಲಿನ ಎಲ್ಲ ಮಾತುಗಳೂ ಸರಿ, ಆದರೆ ಈ ಚರ್ಚೆಯಲ್ಲಿ ಅಲ್ಲಿ ಬದುಕುವ ಜನರ ಪ್ರಸ್ತಾಪವೇ ಬಂದಿಲ್ಲ. ಕುದುರೆಮುಖದ ಕಾಡುಗಳಲ್ಲಿ ಮಲೆಕುಡಿಯರ ಮನೆಗಳಿವೆ. ಉದ್ಯಾನದ ಘೋಷಣೆ, ಪುನರ್ವಸತಿ, 2006ರ ಅರಣ್ಯ ಹಕ್ಕು ಕಾಯ್ದೆಯಡಿಯ ಹಕ್ಕುಗಳ ವಿಷಯದಲ್ಲಿ ಅವರಿಗೆ ದೀರ್ಘ ಕಾಲದ ಆತಂಕವಿದೆ. ಅಪರಿಚಿತರು ತೊರೆಯಲ್ಲಿ ಉಪಕರಣ ಕಟ್ಟುವುದನ್ನು ಕಂಡಾಗ ಅದು ಇನ್ನಾವ ಸಮೀಕ್ಷೆಯೋ ಎಂಬ ಶಂಕೆ ಮೂಡುವುದು ಸಹಜ. ಇಲಾಖೆಯ ಅನುಮತಿ ಅವರ ಒಪ್ಪಿಗೆಯ ಬದಲಿಯಲ್ಲ. ಮಾಪಕ ಕಟ್ಟುವ ಮೊದಲು ಹತ್ತಿರದ ಮನೆಗಳಿಗೆ ಹೋಗಿ, ಅದನ್ನು ಕೈಗೆ ಕೊಟ್ಟು ತೋರಿಸಿ, ಅದು ಚಿತ್ರ ತೆಗೆಯುವುದಿಲ್ಲ, ಮಾತು ಕೇಳುವುದಿಲ್ಲ, ನೀರು ಎಷ್ಟು ಬಿಸಿ ಎಂದು ಮಾತ್ರ ಬರೆದಿಡುತ್ತದೆ ಎಂದು ವಿವರಿಸಿ. ತೊರೆಯ ಜೀವಿಗಳ ಬಗ್ಗೆ ಅವರಿಂದ ತಿಳಿದುಕೊಂಡದ್ದನ್ನು ಪ್ರಬಂಧದಲ್ಲಿ ಬಳಸುವುದಾದರೆ ಅದಕ್ಕೆ ಪ್ರತ್ಯೇಕವಾಗಿ ಒಪ್ಪಿಗೆ ಕೇಳಿ. ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ವಿಷಯ ತಿಳಿಸಿ.

ಉತ್ತರ: ಕಾಡಹಾದಿ

ಮಲೆಸೀಮೆಯವರ ಮಾತು ನಾನೇ ಬರೆಯಬೇಕಾಗಿದ್ದದ್ದು. ಅದನ್ನು ಪೂರ್ಣವಾಗಿ ಅನುಮೋದಿಸುತ್ತೇನೆ.

ಫಲಿತಾಂಶ ಹಂಚಿಕೊಳ್ಳುವ ಪ್ರಶ್ನೆಗೆ ಉತ್ತರ: ಪರೀಕ್ಷೆ ಇಲ್ಲಿಯೇ ನಡೆದರೆ ಮಾದರಿ ರಫ್ತಿನ ತೊಡಕು ತಪ್ಪುತ್ತದೆ, ಆದರೆ ಎಲ್ಲ ತೊಡಕೂ ತಪ್ಪುವುದಿಲ್ಲ. ಭಾರತದ ಜೈವಿಕ ಸಂಪನ್ಮೂಲದ ಮೇಲಿನ ಸಂಶೋಧನೆಯ ಫಲಿತಾಂಶವನ್ನು ವಿದೇಶಿಯರಿಗೆ ವರ್ಗಾಯಿಸುವುದಕ್ಕೂ ಜೀವವೈವಿಧ್ಯ ಕಾಯ್ದೆಯ 4ನೇ ಕಲಂ ಪ್ರಾಧಿಕಾರದ ಅನುಮತಿಯನ್ನು ಕೇಳುತ್ತದೆ. ಕೇಂದ್ರದ ಮಾರ್ಗಸೂಚಿಗೆ ಒಳಪಟ್ಟು ಪ್ರಬಂಧ ಪ್ರಕಟಿಸುವುದು ಬೇರೆ, ಪ್ರಕಟಣೆಗೂ ಮುನ್ನ ಡಿಎನ್‌ಎ ಅನುಕ್ರಮಗಳ ಕಡತವನ್ನೇ ಮಿಂಚಂಚೆಯಲ್ಲಿ ಕಳುಹಿಸುವುದು ಬೇರೆ. ಈ ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾಗಿ 2024ರ ಏಪ್ರಿಲ್‌ನಿಂದ ಜಾರಿಗೆ ಬಂದಿದೆ, ಆದ್ದರಿಂದ ಹಿರಿಯ ಸಹೋದ್ಯೋಗಿಗಳ ಹಳೆಯ ಅರ್ಜಿಗಳನ್ನು ಮಾದರಿಯಾಗಿ ಇಟ್ಟುಕೊಳ್ಳದೆ ಪ್ರಾಧಿಕಾರದ ಈಗಿನ ನಮೂನೆಗಳನ್ನೇ ಬಳಸಿ. ನಿಮ್ಮ ಸಹಯೋಗ ಒಪ್ಪಂದದಲ್ಲಿ ಯಾವ ದತ್ತಾಂಶ, ಯಾವ ಹಂತದಲ್ಲಿ, ಯಾರ ಕೈಗೆ ಹೋಗುತ್ತದೆ ಎಂಬುದನ್ನು ಒಂದು ಪುಟದಲ್ಲಿ ಬರೆದು ಅದನ್ನೇ ಲಗತ್ತಿಸಿ.

ಕೊನೆಯದಾಗಿ ಬಲೆ ಮತ್ತು ಬೂಟುಗಳ ವಿಷಯ. ಕಪ್ಪೆಗಳನ್ನು ಕಾಡುವ ಚಿಟ್ರಿಡ್ ಶಿಲೀಂಧ್ರ ಒದ್ದೆ ಬೂಟಿನಲ್ಲಿ, ಬಲೆಯ ಎಳೆಗಳಲ್ಲಿ ತೊರೆಯಿಂದ ತೊರೆಗೆ ಸಾಗಬಲ್ಲದು. ನೀವು ಎರಡು ಖಂಡಗಳ ತೊರೆಗಳಲ್ಲಿ ಇಳಿಯುವವರು. ಎರಡೂ ದೇಶಗಳಿಗೆ ಬೇರೆ ಬೇರೆ ಬಲೆ, ಬೇರೆ ಬೇರೆ ಬೂಟುಗಳನ್ನು ಇಟ್ಟುಕೊಳ್ಳಿ. ಒಂದೇ ಉದ್ಯಾನದೊಳಗೂ ತೊರೆ ಬದಲಿಸುವಾಗ ಕೆಸರನ್ನು ಕುಂಚದಿಂದ ಉಜ್ಜಿ ತೊಳೆದು, ನೀರಿನಿಂದ ದೂರದಲ್ಲಿ ಸೋಂಕು ನಿವಾರಕ ಹಚ್ಚಿ, ಪೂರ್ತಿ ಒಣಗಿಸಿದ ಮೇಲೆಯೇ ಮುಂದಿನ ತೊರೆಗೆ ಇಳಿಯಿರಿ. ಈ ಕ್ರಮವನ್ನು ಎರಡೂ ಅರ್ಜಿಗಳ ವಿಧಾನ ಭಾಗದಲ್ಲಿ ಸೇರಿಸಿ, ದಿನಕ್ಕೆ ಎಷ್ಟು ತೊರೆ ಮುಗಿಸಬಹುದು ಎಂಬ ಅಂದಾಜನ್ನು ಒಣಗಿಸುವ ಸಮಯವನ್ನು ಕಳೆದೇ ಹಾಕಿ.